‘ನಮ್ ಕಡೆ ಎಲ್ಲಾ ಸರಿ ಇದೆ’: ನೆಟ್‌ವರ್ಕ್‌ನವರಿಗೆ ವರ್ಚುವಲೈಸೇಶನ್ ಯಾಕೆ ಬೇಕು

ಏಳನೇ ಸೆಮ್‌ಗೆ ಮುಂಚೆ ಇಂಟರ್ನ್‌ಶಿಪ್‌ಗೆ ಅಂತ ನಾನು ಸೇರಿದ್ದು ಒಂದು ಕಂಪನಿಯ ನೆಟ್‌ವರ್ಕ್ ಟೀಮ್‌ಗೆ. ಓಎಸ್‌ಪಿಎಫ್ ಗೊತ್ತು, ವಿಲ್ಯಾನ್ ಗೊತ್ತು, ಸಬ್‌ನೆಟ್ಟಿಂಗ್ ಬಾಯಿಪಾಠ, ಪ್ಯಾಕೆಟ್ ಟ್ರೇಸರ್‌ನಲ್ಲಿ ಇಡೀ ಕ್ಯಾಂಪಸ್ ಕಟ್ಟಿ ನೋಡಿದ್ದೆ. ಇನ್ನೇನು ಬೇಕು ಅನ್ನೋ ಧೈರ್ಯ. ಆ ಧೈರ್ಯ ಎರಡನೇ ವಾರವೇ ಇಳಿದುಹೋಯ್ತು.

ಒಂದು ಬೆಳಿಗ್ಗೆ ದೂರು ಬಂತು. ಒಂದು ಅಪ್ಲಿಕೇಶನ್ ಸರ್ವರ್‌ಗೂ ಅದರ ಡೇಟಾಬೇಸ್‌ಗೂ ನಡುವೆ ಸಂಪರ್ಕ ‘ಅರ್ಧಂಬರ್ಧ’ ಅಂತೆ. ಪಿಂಗ್ ಹೋಗ್ತಿದೆ, ಪೋರ್ಟ್ ಕನೆಕ್ಟ್ ಆಗ್ತಿದೆ, ಸಣ್ಣ ಕ್ವೆರಿಗೆ ಉತ್ತರ ಬರ್ತಿದೆ. ದೊಡ್ಡ ರಿಪೋರ್ಟ್ ಕೇಳಿದ್ರೆ ಮಾತ್ರ ಸುಮ್ಮನೆ ನಿಂತುಬಿಡುತ್ತೆ. ಎರರ್ ಕೂಡ ಇಲ್ಲ. ಹಿಂದಿನ ದಿನ ಸಂಜೆವರೆಗೆ ಎಲ್ಲಾ ಚೆನ್ನಾಗಿತ್ತು, ಯಾರೂ ಏನೂ ಮುಟ್ಟಿಲ್ಲ. (ಈ ‘ಯಾರೂ ಏನೂ ಮುಟ್ಟಿಲ್ಲ’ ಅನ್ನೋ ಮಾತನ್ನು ನಂಬಬಾರದು ಅಂತ ಕಲಿತಿದ್ದೂ ಅಲ್ಲೇ.)

ನಮ್ಮ ಟೀಮ್ ಸ್ವಿಚ್‌ಗಳನ್ನು ನೋಡಿತು. ಲಿಂಕ್ ಅಪ್ ಇದೆ, ಸಿಆರ್‌ಸಿ ಎರರ್ ಇಲ್ಲ, ರೂಟಿಂಗ್ ಟೇಬಲ್ ಸರಿಯಾಗಿದೆ. ‘ನಮ್ ಕಡೆ ಎಲ್ಲಾ ಸರಿ ಇದೆ’ ಎಂದು ಟಿಕೆಟ್ ತಿರುಗಿಸಿದ್ವಿ. ಸರ್ವರ್ ಟೀಮ್‌ನವರು ಸಿಪಿಯು, ಮೆಮೊರಿ, ಡಿಸ್ಕ್ ನೋಡಿ ಅದೇ ವಾಕ್ಯ ಬರೆದು ವಾಪಸ್ ಕಳಿಸಿದ್ರು. ಮಧ್ಯಾಹ್ನದವರೆಗೆ ಆ ಟಿಕೆಟ್ ಶಟಲ್ ಕಾಕ್ ಥರ ಆ ಕಡೆ ಈ ಕಡೆ ಹಾರಾಡ್ತಾ ಇತ್ತು. ಕೊನೆಗೆ ಸರ್ವರ್ ಟೀಮ್‌ನ ಒಬ್ಬ ಸೀನಿಯರ್ ನಮ್ಮ ಡೆಸ್ಕಿಗೇ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಬೈಟ್ ಪಿಂಗ್ ಮಾಡಿದ್ರಿ?”

ಎಷ್ಟು ಅಂದ್ರೆ? ಪಿಂಗ್ ಅಂದ್ರೆ ಪಿಂಗ್. ಸುಮ್ಮನೆ ಹೊಡೆದರೆ ವಿಂಡೋಸ್ 32 ಬೈಟ್ ಕಳಿಸುತ್ತೆ, ಲಿನಕ್ಸ್ 56. ಅವರು ಅಪ್ಲಿಕೇಶನ್ ಸರ್ವರ್‌ನಲ್ಲೇ ಕೂತು, ಫ್ರಾಗ್ಮೆಂಟ್ ಮಾಡಬೇಡ ಅನ್ನೋ ಬಿಟ್ ಹಾಕಿ 1472 ಬೈಟ್ ಕಳಿಸಿದ್ರು. ಉತ್ತರ ಇಲ್ಲ. ಇಳಿಸುತ್ತಾ ಇಳಿಸುತ್ತಾ 1422ಕ್ಕೆ ಬಂದಾಗ ಉತ್ತರ ಬಂತು. 1423ಕ್ಕೆ ಮತ್ತೆ ಇಲ್ಲ. “ಐವತ್ತು ಬೈಟ್ ಕಮ್ಮಿ. ಮಧ್ಯೆ ಎಲ್ಲೋ ಒಂದು ಸ್ವಿಚ್ 1500ರಲ್ಲೇ ಕೂತಿದೆ” ಅಂದ್ರು, ಎಕ್ಸ್-ರೇ ನೋಡಿ ಮೂಳೆ ಮುರಿದ ಜಾಗ ಹೇಳೋ ಡಾಕ್ಟರ್ ಥರ.

ಲೆಕ್ಕ ಹೀಗಿದೆ. ಎರಡೂ ಸರ್ವರ್‌ಗಳು ನಿಜವಾದ ಯಂತ್ರಗಳಲ್ಲ, ವರ್ಚುವಲ್ ಮಷೀನ್‌ಗಳು, ಅಂದ್ರೆ ವಿಎಂಗಳು. ಅವು ಬೇರೆ ಬೇರೆ ಹೋಸ್ಟ್‌ಗಳ ಮೇಲಿದ್ದಾಗ ಹೈಪರ್‌ವೈಸರ್ ಅವುಗಳ ಇಡೀ ಈಥರ್ನೆಟ್ ಫ್ರೇಮನ್ನು ಇನ್ನೊಂದು ಯುಡಿಪಿ ಪ್ಯಾಕೆಟ್‌ನೊಳಗೆ ಸುತ್ತಿ ಕಳಿಸುತ್ತೆ. ಇದೇ ವಿಎಕ್ಸ್‌ಲ್ಯಾನ್. ಒಳಗಿನ ಈಥರ್ನೆಟ್ ಹೆಡರ್ 14, ವಿಎಕ್ಸ್‌ಲ್ಯಾನ್ ಹೆಡರ್ 8, ಯುಡಿಪಿ 8, ಹೊರಗಿನ ಐಪಿ 20. ಒಟ್ಟು 50. ವಿಎಂ ತನ್ನ ಪಾಡಿಗೆ 1500 ಬೈಟ್ ಕಳಿಸಿದ್ರೆ, ಕೆಳಗಿನ ಕೇಬಲ್ ಮೇಲೆ ಓಡೋದು 1550 ಬೈಟ್‌ನ ಪ್ಯಾಕೆಟ್. ಅದಕ್ಕೆ ದಾರಿಯುದ್ದಕ್ಕೂ ಎಂಟಿಯು ಜಾಸ್ತಿ ಇಟ್ಟಿರಬೇಕು. ಹಿಂದಿನ ವಾರ ಒಂದು ರ‍್ಯಾಕ್‌ಗೆ ಹೊಸ ಸ್ವಿಚ್ ಹಾಕಿದವರು ನಾವೇ. ಅದರಲ್ಲಿ ಎಂಟಿಯು 1500ರಲ್ಲೇ ಉಳಿದಿತ್ತು. ಸಣ್ಣ ಪ್ಯಾಕೆಟ್ ನುಸುಳಿ ಹೋಗ್ತಿತ್ತು, ದೊಡ್ಡದನ್ನು ಸ್ವಿಚ್ ಸದ್ದಿಲ್ಲದೆ ಬಿಸಾಡ್ತಿತ್ತು.

ಹಾಗಾದ್ರೆ ಹಿಂದಿನ ದಿನದವರೆಗೆ ಹೇಗೆ ನಡೀತಿತ್ತು? ನನಗೆ ತಲೆ ಕೆಟ್ಟಿದ್ದು ಇಲ್ಲೇ. ಅಲ್ಲಿಯವರೆಗೆ ಎರಡೂ ವಿಎಂಗಳು ಒಂದೇ ಹೋಸ್ಟ್ ಮೇಲೆ ಇದ್ವು. ಅವುಗಳ ನಡುವಿನ ಪ್ಯಾಕೆಟ್ ಆ ಸರ್ವರಿನಿಂದ ಹೊರಗೇ ಬರ್ತಿರಲಿಲ್ಲ. ರಾತ್ರಿ ಹೊಸ ರ‍್ಯಾಕ್‌ನ ಹೋಸ್ಟ್ ಕ್ಲಸ್ಟರ್‌ಗೆ ಸೇರಿತು, ಲೋಡ್ ಸಮ ಮಾಡೋಕೆ ಅಂತ ಸಾಫ್ಟ್‌ವೇರ್ ತಾನಾಗೇ ಡೇಟಾಬೇಸ್ ವಿಎಂ ಅನ್ನು ಅಲ್ಲಿಗೆ ಎತ್ತಿ ಇಟ್ಟಿತು. ಯಾರೂ ಏನೂ ಮುಟ್ಟಿಲ್ಲ ಅನ್ನೋದು ನಿಜವೇ, ಮನುಷ್ಯರು ಮುಟ್ಟಿರಲಿಲ್ಲ.

ತಪ್ಪು ನಮ್ಮ ಟೀಮ್‌ನದ್ದು. ಆದರೆ ‘ನಮ್ ಕಡೆ ಎಲ್ಲಾ ಸರಿ ಇದೆ’ ಎಂದು ಬರೆದಾಗ ನಾವು ಸುಳ್ಳು ಹೇಳಿರಲಿಲ್ಲ. ನಮಗೆ ಕಾಣೋ ಅಷ್ಟರಲ್ಲಿ ಎಲ್ಲಾ ಸರಿಯಾಗೇ ಇತ್ತು. ನಮಗೆ ಕಾಣ್ತಾ ಇದ್ದದ್ದು ಅರ್ಧ ನೆಟ್‌ವರ್ಕ್ ಮಾತ್ರ ಅನ್ನೋದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ನಾವು ಕ್ಲಾಸಿನಲ್ಲಿ ಕಲಿತ ಚಿತ್ರದಲ್ಲಿ ಒಂದು ಸ್ವಿಚ್ ಪೋರ್ಟ್, ಒಂದು ಕೇಬಲ್, ಆ ತುದಿಯಲ್ಲಿ ಒಂದು ಕಂಪ್ಯೂಟರ್. ನೆಟ್‌ವರ್ಕ್ ಇಂಜಿನಿಯರ್‌ನ ಗಡಿ ಆ ಪೋರ್ಟಿಗೆ ಮುಗಿಯುತ್ತೆ. ಈಗಿನ ಡೇಟಾ ಸೆಂಟರ್‌ನಲ್ಲಿ ಅದೇ ಪೋರ್ಟಿನ ಹಿಂದೆ ಮೂವತ್ತು ನಲವತ್ತು ವಿಎಂಗಳು ಇರಬಹುದು. ಅವೆಲ್ಲ ಸರ್ವರ್ ಒಳಗಿನ ಒಂದು ಸಾಫ್ಟ್‌ವೇರ್ ಸ್ವಿಚ್‌ಗೆ ಸಿಕ್ಕಿಕೊಂಡಿರುತ್ತವೆ. ಅಂದರೆ ನಿಜವಾದ ಆಕ್ಸೆಸ್ ಸ್ವಿಚ್ ಸರ್ವರ್ ಒಳಗಿದೆ. ನೀವು ಹೊರಗಿನ ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ ಹಾಕಿ ವೈರ್‌ಶಾರ್ಕ್ ಹಿಡಿದು ಕೂತರೂ, ಒಂದೇ ಹೋಸ್ಟ್, ಒಂದೇ ವಿಲ್ಯಾನ್‌ನ ಎರಡು ವಿಎಂಗಳ ಮಾತುಕತೆಯ ಒಂದು ಬೈಟೂ ಸಿಗಲ್ಲ. ಅದು ಬರೀ ಮೆಮೊರಿ ಕಾಪಿ. ಸೆಕ್ಯುರಿಟಿಗೆ ಅಂತ ಹೊರಗಡೆ ಇಟ್ಟಿರೋ ಪೆಟ್ಟಿಗೆಗಳಿಗೂ ಅಷ್ಟೇ, ಕಾಣಲ್ಲ.

ಆ ಸಾಫ್ಟ್‌ವೇರ್ ಸ್ವಿಚ್ ಪಠ್ಯಪುಸ್ತಕದ ಸ್ವಿಚ್ ಥರಾನೇ ಇದ್ರೆ ಪರವಾಗಿರಲಿಲ್ಲ. ಇಲ್ಲ. ‘ಸ್ವಿಚ್ ಮ್ಯಾಕ್ ಅಡ್ರೆಸ್‌ಗಳನ್ನು ನೋಡಿ ನೋಡಿ ಕಲಿಯುತ್ತೆ’ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೀತೀವಲ್ಲ, ವಿಎಂವೇರ್‌ನ ಸ್ಟ್ಯಾಂಡರ್ಡ್ ಸ್ವಿಚ್ ಹಾಗೆ ಕಲಿಯೋದೇ ಇಲ್ಲ. ಯಾವ ವಿಎಂಗೆ ಯಾವ ಮ್ಯಾಕ್ ಅಂತ ಹೈಪರ್‌ವೈಸರ್‌ಗೆ ಮೊದಲೇ ಗೊತ್ತು, ಕಲಿಯೋ ಅಗತ್ಯವೇನಿದೆ? ಅದು ಸ್ಪ್ಯಾನಿಂಗ್ ಟ್ರೀಯಲ್ಲೂ ಭಾಗವಹಿಸಲ್ಲ. ಒಂದು ಅಪ್‌ಲಿಂಕಿನಿಂದ ಬಂದ ಫ್ರೇಮನ್ನು ಇನ್ನೊಂದು ಅಪ್‌ಲಿಂಕಿಗೆ ದಾಟಿಸಲ್ಲವಾದ್ದರಿಂದ ಅದರಿಂದ ಲೂಪ್ ಆಗಲ್ಲ.

ಈ ಸಣ್ಣ ವ್ಯತ್ಯಾಸ ಹೇಗೆ ಕಚ್ಚುತ್ತೆ ನೋಡಿ. ‘ಸರ್ವರ್ ಕಡೆಯ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ ಹಾಕಿ’ ಅನ್ನೋದು ನೆಟ್‌ವರ್ಕ್‌ನವರ ಹಳೇ ಒಳ್ಳೆಯ ಸಲಹೆ. ಯಾರೋ ಒಬ್ಬ ತನ್ನ ವಿಎಂ ಒಳಗೆ ಬ್ರಿಡ್ಜ್ ಮಾಡಿ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿದ ಅಂತಿಟ್ಕೊಳ್ಳಿ. ವಿಎಂನಿಂದ ಹೊರಟ ಬಿಪಿಡಿಯು ಹೊರಗಿನ ಸ್ವಿಚ್‌ಗೆ ಮುಟ್ಟುತ್ತೆ, ಸ್ವಿಚ್ ಪೋರ್ಟ್ ಮುಚ್ಚುತ್ತೆ. ಹೈಪರ್‌ವೈಸರ್ ‘ಓ, ಕೇಬಲ್ ಹೋಯ್ತು’ ಅಂದ್ಕೊಂಡು ಎರಡನೇ ಅಪ್‌ಲಿಂಕಿಗೆ ಬದಲಾಗುತ್ತೆ. ಅದೂ ಮುಚ್ಚುತ್ತೆ. ಈಗ ಆ ಹೋಸ್ಟ್‌ನ ಎಲ್ಲಾ ವಿಎಂಗಳೂ ಕತ್ತಲೆಯಲ್ಲಿ. ಹೈ ಅವೈಲೆಬಿಲಿಟಿ ಇದ್ದರೆ ಇನ್ನೂ ಚಂದ: ಅದೇ ವಿಎಂ ಪಕ್ಕದ ಹೋಸ್ಟ್ ಮೇಲೆ ಎದ್ದು ಅದನ್ನೂ ಮಲಗಿಸಬಹುದು. ಇಂಥದ್ದನ್ನು ತಡೆಯೋಕೇ ವಿಎಂವೇರ್ ಇಎಸ್‌ಎಕ್ಸ್‌ಐ 5.1ರಲ್ಲಿ ವಿಎಂಗಳ ಬಿಪಿಡಿಯು ತಡೆಹಿಡಿಯೋ ಸೆಟ್ಟಿಂಗ್ ಕೊಟ್ಟಿತು. ಅಲ್ಲಿ ನೆಟ್‌ವರ್ಕ್‌ನವರೂ ಸರಿ, ಸರ್ವರ್‌ನವರೂ ಸರಿ. ಇಬ್ಬರ ಸರಿ ಸೇರಿ ಒಂದು ತಪ್ಪು.

ಇದರ ಮಿನಿ ರೂಪ ನಮ್ಮ ಲ್ಯಾಬಿನಲ್ಲೇ ಇದೆ. ವರ್ಚುವಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ತೆಗೆದ್ರೆ ನ್ಯಾಟ್, ಬ್ರಿಡ್ಜ್ಡ್ ಅಂತೆಲ್ಲ ಕೇಳುತ್ತಲ್ಲ, ನಾವೆಲ್ಲ ಮಾಡೋದು ಯಾವುದು ಕೆಲಸ ಮಾಡುತ್ತೋ ಅದನ್ನು ಇಟ್ಕೊಂಡು ಮುಂದೆ ಹೋಗೋದು. ಬ್ರಿಡ್ಜ್ಡ್ ಅಂದ್ರೆ ನಿಮ್ಮ ವಿಎಂ ತನ್ನದೇ ಮ್ಯಾಕ್ ಅಡ್ರೆಸ್ ಹೊತ್ತು ನೇರ ಕಾಲೇಜು ನೆಟ್‌ವರ್ಕಿಗೆ ಇಳೀತು ಅಂತ. ಸಿಸ್ಕೊ ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಆನ್ ಮಾಡಿ ಬೇರೇನೂ ಬದಲಾಯಿಸದಿದ್ದರೆ, ಆ ಪೋರ್ಟಿನಲ್ಲಿ ಒಂದೇ ಮ್ಯಾಕ್‌ಗೆ ಅವಕಾಶ. ಎರಡನೆಯದು ಕಂಡ ಕೂಡಲೇ ಪೋರ್ಟ್ ಬಂದ್. ‘ನನ್ನ ಸಿಸ್ಟಮ್‌ನಲ್ಲಿ ಮಾತ್ರ ನೆಟ್ ಹೋಯ್ತು ಸಾರ್’ ಅಂತ ಓಡೋ ಮುಂಚೆ ಇದೊಂದು ನೋಡಿ. ಅಂದ ಹಾಗೆ 08:00:27 ಅಂತ ಶುರುವಾಗೋ ಮ್ಯಾಕ್ ವರ್ಚುವಲ್‌ಬಾಕ್ಸ್‌ನದ್ದು, 52:54:00 ಸಾಮಾನ್ಯವಾಗಿ ಕೆವಿಎಂನದ್ದು, 00:50:56 ವಿಎಂವೇರ್‌ನದ್ದು. ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಿದ್ರೆ ಯಾರು ಲ್ಯಾಬಿನಲ್ಲಿ ವಿಎಂ ಓಡಿಸ್ತಿದ್ದಾರೆ ಅಂತ ಲ್ಯಾಬ್ ಅಸಿಸ್ಟೆಂಟ್‌ಗೆ ಆರಾಮಾಗಿ ಗೊತ್ತಾಗುತ್ತೆ.

ಡಾಕರ್ ಬಳಸೋ ಪ್ರಾಜೆಕ್ಟ್ ಟೀಮ್‌ಗಳಿಗೆ ಇನ್ನೊಂದು. ಡಾಕರ್ ಇನ್‌ಸ್ಟಾಲ್ ಆದಾಗ ತನಗೆ ಅಂತ ಒಂದು ಬ್ರಿಡ್ಜ್ ಮಾಡಿಕೊಂಡು ಸಾಮಾನ್ಯವಾಗಿ 172.17.0.0/16 ಅನ್ನೋ ಇಡೀ ರೇಂಜ್ ತಗೊಳ್ಳುತ್ತೆ. ನಿಮ್ಮ ಕ್ಯಾಂಪಸ್‌ನ ಸರ್ವರ್ ಒಂದು 172.17ರಲ್ಲೇ ಇದ್ದರೆ, ಆ ಕ್ಷಣದಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಸಿಗಲ್ಲ. ಪ್ಯಾಕೆಟ್ ಲ್ಯಾಪ್‌ಟಾಪ್ ಒಳಗಿನ ಬ್ರಿಡ್ಜ್‌ಗೆ ಹೋಗಿ ಸಾಯುತ್ತೆ. ಸಬ್‌ನೆಟ್ ಗೊತ್ತಿದ್ದು ಕಂಟೇನರ್ ಗೊತ್ತಿಲ್ಲದವನು ಇಲ್ಲಿ ಒದ್ದಾಡ್ತಾನೆ. ಕಂಟೇನರ್ ಗೊತ್ತಿದ್ದು ಸಬ್‌ನೆಟ್ ಗೊತ್ತಿಲ್ಲದವನೂ ಒದ್ದಾಡ್ತಾನೆ.

ವರ್ಚುವಲೈಸೇಶನ್ ಹೊಸ ಫ್ಯಾಶನ್ ಏನಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗೆ ವಿಎಂ/370 ಕೊಟ್ಟಿದ್ದು 1972ರಲ್ಲಿ. ನಮ್ಮ ಥರದ ಪಿಸಿಗಳಿಗೆ ಅದನ್ನು ತಂದ ವಿಎಂವೇರ್ ಶುರುವಾಗಿದ್ದು 1998ರಲ್ಲಿ, ಲಿನಕ್ಸ್ ಕರ್ನಲ್ ಒಳಗೇ ಕೆವಿಎಂ ಸೇರಿದ್ದು 2007ರಲ್ಲಿ. ನೆಟ್‌ವರ್ಕ್‌ನವರು ಬಹುಕಾಲ ಇದನ್ನು ‘ಸರ್ವರ್‌ನವರ ವಿಷಯ’ ಅಂತ ಬಿಟ್ಟಿದ್ದರು. ಅವರನ್ನು ಎಳೆದು ತಂದಿದ್ದು ಎರಡು ಸಂಗತಿ. ಒಂದು, ಓಡುತ್ತಿರೋ ವಿಎಂ ಅನ್ನೇ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸೋ ಲೈವ್ ಮೈಗ್ರೇಶನ್. ಐಪಿ ಬದಲಾಗಬಾರದು, ಮ್ಯಾಕ್ ಬದಲಾಗಬಾರದು, ಟಿಸಿಪಿ ಕನೆಕ್ಷನ್ ಕಡೀಬಾರದು. ಮನೆ ಬದಲಾಯಿಸಿದ್ರೂ ವಿಳಾಸ ಮಾತ್ರ ಹಳೇದೇ ಬೇಕು! ಹೊಸ ಹೋಸ್ಟ್ ಕಡೆಯ ಹೈಪರ್‌ವೈಸರ್ ಒಂದು ರಿವರ್ಸ್ ಎಆರ್‌ಪಿ ಫ್ರೇಮ್ ಕಳಿಸಿ ಸ್ವಿಚ್‌ಗಳಿಗೆ ‘ಈ ಮ್ಯಾಕ್ ಈಗ ಈ ಕಡೆ ಇದೆ’ ಎಂದು ಸಾರುತ್ತೆ. ಎಆರ್‌ಪಿ ಪಾಠದ ಕೊನೇ ಪುಟದಲ್ಲಿ ‘ಈಗ ಬಳಕೆಯಲ್ಲಿಲ್ಲ’ ಅಂತ ಓದಿ ಬಿಟ್ಟಿದ್ದ ಆರ್‌ಎಆರ್‌ಪಿ ಇಲ್ಲಿ ಬೇರೆ ವೇಷದಲ್ಲಿ ಬದುಕಿದೆ.

ಎರಡನೆಯದು ಸಂಖ್ಯೆಯ ಮಿತಿ. ವಿಲ್ಯಾನ್ ಐಡಿಗೆ ಇರೋದು 12 ಬಿಟ್. ಬಳಸಬಹುದಾದದ್ದು 4094. ಒಂದು ಕಾಲೇಜಿಗೆ ಇದು ಧಾರಾಳ. ಸಾವಿರಾರು ಗಿರಾಕಿಗಳಿಗೆ ಬೇರೆ ಬೇರೆ ನೆಟ್‌ವರ್ಕ್ ಕೊಡಬೇಕಾದ ಕ್ಲೌಡ್ ಕಂಪನಿಗೆ ಸಾಲದು. ವಿಎಕ್ಸ್‌ಲ್ಯಾನ್‌ನಲ್ಲಿ ಅದೇ ಐಡಿ 24 ಬಿಟ್, ಅಂದ್ರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು. 2014ರಲ್ಲಿ ಆರ್‌ಎಫ್‌ಸಿ 7348 ಆಗಿ ಬಂತು. ಅದಕ್ಕೂ ಮುಂಚೆ, 2012ರಲ್ಲಿ, ನಿಸಿರಾ ಅನ್ನೋ ಪುಟ್ಟ ಕಂಪನಿಯನ್ನು ವಿಎಂವೇರ್ ಸುಮಾರು 126 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಓಪನ್ ವಿಸ್ವಿಚ್ ಹುಟ್ಟಿದ್ದು ಆ ಕಂಪನಿಯಲ್ಲಿ. ಮಾರೋಕೆ ಅವರ ಹತ್ತಿರ ಸ್ವಿಚ್ ಪೆಟ್ಟಿಗೆ ಇರಲಿಲ್ಲ, ಇದ್ದದ್ದು ಬರೀ ಸಾಫ್ಟ್‌ವೇರ್. ಬರೆದವರೋ, ಸ್ಟ್ಯಾನ್‌ಫರ್ಡ್, ಬರ್ಕ್ಲಿಯ ನೆಟ್‌ವರ್ಕಿಂಗ್ ಮಂದಿ. ನೆಟ್‌ವರ್ಕ್ ಬಲ್ಲವರು ವರ್ಚುವಲೈಸೇಶನ್ ಒಳಹೊಕ್ಕರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ಅದೇ 2012ರ ಅಕ್ಟೋಬರ್‌ನಲ್ಲಿ ದೊಡ್ಡ ದೊಡ್ಡ ಟೆಲಿಕಾಂ ಕಂಪನಿಗಳು ಸೇರಿ, ಫೈರ್‌ವಾಲ್, ರೂಟರ್, ಮೊಬೈಲ್ ಕೋರ್ ಎಲ್ಲವನ್ನೂ ವಿಶೇಷ ಪೆಟ್ಟಿಗೆಗಳ ಬದಲು ಸಾಮಾನ್ಯ ಸರ್ವರ್‌ಗಳ ಮೇಲೆ ಓಡಿಸೋಣ ಎಂದು ಒಂದು ಶ್ವೇತಪತ್ರ ಹೊರಡಿಸಿದವು. ಎನ್‌ಎಫ್‌ವಿ ಅಂತ ಕರೆಯೋದು ಇದನ್ನೇ. 2020ರಲ್ಲಿ ಜಪಾನಿನ ರಾಕುಟೆನ್ ಮೊಬೈಲ್ ಇದೇ ದಾರಿಯಲ್ಲಿ ಇಡೀ ಮೊಬೈಲ್ ನೆಟ್‌ವರ್ಕನ್ನೇ ಕಟ್ಟಿ ಸೇವೆ ಶುರುಮಾಡಿತು. ಇಸಿ ಬ್ರ್ಯಾಂಚ್‌ನ ಗೆಳೆಯರೇ, ಇದು ಸಿಎಸ್‌ನವರ ವಿಷಯ ಅಂತ ಪುಟ ತಿರುಗಿಸಬೇಡಿ.

‘ಕ್ಲೌಡ್ ಬಂದಮೇಲೆ ನೆಟ್‌ವರ್ಕಿಂಗ್ ಯಾಕೆ, ಎರಡು ಕ್ಲಿಕ್ ಮಾಡಿದ್ರೆ ಆಯ್ತಲ್ಲ’ ಅಂತ ಹಾಸ್ಟೆಲ್‌ನಲ್ಲಿ ವಾದ ಮಾಡೋರು ಇದ್ದಾರೆ. ಅವರಿಗೆ ನಾನು ಕೇಳೋದು ಒಂದು ಸಣ್ಣ ಲೆಕ್ಕ. /28 ಸಬ್‌ನೆಟ್‌ನಲ್ಲಿ ಎಷ್ಟು ಹೋಸ್ಟ್? ಹದಿನಾರರಲ್ಲಿ ಎರಡು ಕಳೆದು ಹದಿನಾಲ್ಕು, ಪರೀಕ್ಷೆಯಲ್ಲಿ ಫುಲ್ ಮಾರ್ಕ್ಸ್. ಅಮೆಜಾನ್ ಎಡಬ್ಲ್ಯುಎಸ್‌ನಲ್ಲಿ? ಹನ್ನೊಂದು. ಪ್ರತಿ ಸಬ್‌ನೆಟ್‌ನ ಮೊದಲ ನಾಲ್ಕು, ಕೊನೆಯ ಒಂದು ಅಡ್ರೆಸ್ ಅವರೇ ಇಟ್ಕೊಳ್ತಾರೆ. ಅಲ್ಲಿ ಬ್ರಾಡ್‌ಕಾಸ್ಟ್ ಇಲ್ಲವೇ ಇಲ್ಲ, ಆದರೂ ಬ್ರಾಡ್‌ಕಾಸ್ಟ್ ಅಡ್ರೆಸ್ ಮಾತ್ರ ಮೀಸಲು. ನೀವು ಎಆರ್‌ಪಿ ಕೇಳಿದ್ರೆ ಆ ಕಡೆಯ ಯಂತ್ರ ಉತ್ತರಿಸಲ್ಲ, ಮಧ್ಯದ ವರ್ಚುವಲೈಸೇಶನ್ ಪದರವೇ ಉತ್ತರ ಕೊಡುತ್ತೆ. ನೋಡೋಕೆ ನೆಟ್‌ವರ್ಕ್, ಒಳಗೆ ಒಂದು ದೊಡ್ಡ ಮ್ಯಾಪಿಂಗ್ ಟೇಬಲ್. ಕ್ಲಿಕ್ ಮಾಡೋದು ಸುಲಭ. ಕ್ಲಿಕ್ ಮಾಡಿದ್ದು ಕೆಲಸ ಮಾಡದಿದ್ದಾಗ ಬೇಕಾಗೋದು ಈ ತಿಳುವಳಿಕೆ.

ಇದನ್ನೆಲ್ಲ ಓದಿ ‘ಹಾಗಾದ್ರೆ ರೂಟಿಂಗ್ ಬಿಟ್ಟು ವಿಎಂವೇರ್ ಕೋರ್ಸ್ ಸೇರ್ತೀನಿ’ ಅನ್ನೋರಿಗೂ ನನ್ನ ಒಪ್ಪಿಗೆ ಇಲ್ಲ. ಓವರ್‌ಲೇ ಎಷ್ಟೇ ಜಾಣತನದ್ದಿದ್ದರೂ ಕೆಳಗೆ ಪ್ಯಾಕೆಟ್ ಹೊರೋದು ಐಪಿನೇ. ದೊಡ್ಡ ಡೇಟಾ ಸೆಂಟರ್‌ಗಳ ಒಳಗೆ ಈಗ ಬಿಜಿಪಿ ಓಡುತ್ತೆ. ಯಾವ ಮ್ಯಾಕ್ ಎಲ್ಲಿದೆ ಅಂತ ಹಂಚೋಕೂ ಇವಿಪಿಎನ್ ಹೆಸರಲ್ಲಿ ಬಿಜಿಪಿಯನ್ನೇ ಬಳಸ್ತಾರೆ. ರೂಟಿಂಗ್ ಗೊತ್ತಿರೋರ ಬೆಲೆ ಕಮ್ಮಿಯಾಗಿಲ್ಲ. ಒಂದು ಕಂಪನಿಯ ಮೆನು ಬಾಯಿಪಾಠ ಮಾಡೋದರಲ್ಲಿ ಅಪಾಯವೂ ಇದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡು ಲೈಸೆನ್ಸ್ ಪದ್ಧತಿ ಬದಲಾಯಿಸಿದ ಮೇಲೆ ಎಷ್ಟೋ ಕಡೆ ಬೇರೆ ಹೈಪರ್‌ವೈಸರ್ ಹುಡುಕೋದು ಶುರುವಾಯ್ತು. ಮೆನು ಬದಲಾಗುತ್ತೆ. ಬ್ರಿಡ್ಜ್, ಟ್ರಂಕ್, ಟನಲ್ ಬದಲಾಗಲ್ಲ.

ದುಡ್ಡು ಕೊಟ್ಟು ಕೋರ್ಸ್ ಬೇಕಿಲ್ಲ, ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸಾಕು. ಪ್ಯಾಕೆಟ್ ಟ್ರೇಸರ್ ಒಳ್ಳೇದೇ, ನಾನೂ ಕಲಿತಿದ್ದು ಅದರಲ್ಲೇ, ಆದರೆ ಅದು ನೆಟ್‌ವರ್ಕಿನ ನಾಟಕ. ಮಿನಿನೆಟ್‌ನಲ್ಲಿ ಓಡೋದು ನಿಜವಾದ ಲಿನಕ್ಸ್ ಕರ್ನಲ್, ನಿಜವಾದ ಓಪನ್ ವಿಸ್ವಿಚ್. ಅದರ ಒಳಗುಟ್ಟು ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್. ಒಂದು ಕಮಾಂಡ್‌ಗೆ ಒಂದು ಪ್ರತ್ಯೇಕ ರೂಟಿಂಗ್ ಟೇಬಲ್, ಪ್ರತ್ಯೇಕ ಇಂಟರ್‌ಫೇಸ್‌ಗಳಿರೋ ಪುಟ್ಟ ಲೋಕ ಸಿಗುತ್ತೆ. ಎರಡು ಲೋಕಗಳ ನಡುವೆ ಕೇಬಲ್ ಬೇಕಾ? ವೆಥ್ ಜೋಡಿ ಅಂತ ಇದೆ, ಒಂದು ತುದಿಗೆ ಹಾಕಿದ್ದು ಇನ್ನೊಂದು ತುದಿಯಲ್ಲಿ ಬರುತ್ತೆ. ಸ್ವಿಚ್ ಬೇಕಾ? ಲಿನಕ್ಸ್ ಬ್ರಿಡ್ಜ್. ರೂಟರ್ ಬೇಕಾ? ಎಫ್‌ಆರ್‌ಆರ್ ಹಾಕಿ, ಓಎಸ್‌ಪಿಎಫ್, ಬಿಜಿಪಿ ಎರಡೂ ಸಿಗುತ್ತೆ. ಡಾಕರ್, ಕುಬರ್ನೆಟಿಸ್ ಎಲ್ಲ ಇದೇ ಇಟ್ಟಿಗೆಗಳಿಂದ ಕಟ್ಟಿದ ಮನೆಗಳು. ಪೂರ್ತಿ ವಿಎಂಗಳೇ ಬೇಕಾದ್ರೆ ಮೊದಲು ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ. ಅರ್ಧ ಜನ ನಿಲ್ಲೋದು ಆ ಎರರ್‌ನಲ್ಲೇ.

ಒಂದು ಭಾನುವಾರ ಇದನ್ನು ಮಾಡಿ. ಎರಡು ಲಿನಕ್ಸ್ ವಿಎಂ ಎಬ್ಬಿಸಿ, ಒಂದೇ ಆಂತರಿಕ ನೆಟ್‌ವರ್ಕ್‌ಗೆ ಹಾಕಿ. ಪ್ರತಿಯೊಂದರಲ್ಲೂ ಒಂದು ವಿಎಕ್ಸ್‌ಲ್ಯಾನ್ ಇಂಟರ್‌ಫೇಸ್ ಮಾಡಿ. ಅದು ಯಾವ ಕಾರ್ಡ್ ಮೇಲೆ ಕೂರಬೇಕು ಅನ್ನೋದನ್ನೂ, ಪೋರ್ಟ್ 4789 ಅನ್ನೋದನ್ನೂ ಕೈಯಾರೆ ಹೇಳಿ, ಇಲ್ಲದಿದ್ರೆ ಲಿನಕ್ಸ್ ತನ್ನ ಹಳೇ 8472 ಹಿಡ್ಕೊಳ್ಳುತ್ತೆ. ಎರಡಕ್ಕೂ ಹೊಸ ಐಪಿ ಕೊಟ್ಟು ಪಿಂಗ್ ಮಾಡ್ತಾ, ಕೆಳಗಿನ ಕಾರ್ಡ್ ಮೇಲೆ ವೈರ್‌ಶಾರ್ಕ್ ತೆರೆಯಿರಿ. ಯುಡಿಪಿ ಒಳಗೆ ಇನ್ನೊಂದು ಈಥರ್ನೆಟ್ ಫ್ರೇಮ್, ಅದರೊಳಗೆ ಇನ್ನೊಂದು ಐಪಿ, ಡಬ್ಬಿಯೊಳಗೆ ಡಬ್ಬಿ ಥರ ಕಾಣುತ್ತೆ. ಆಮೇಲೆ ಆ ಇಂಟರ್‌ಫೇಸ್‌ನ ಎಂಟಿಯು ಎಷ್ಟಿದೆ ನೋಡಿ. ನೀವು ಏನೂ ಹೇಳದೇ ಅಲ್ಲಿ 1450 ಅಂತ ಇರುತ್ತೆ. ಫ್ರಾಗ್ಮೆಂಟ್ ಬೇಡ ಅಂತ ಹೇಳಿ 1422 ಬೈಟ್ ಪಿಂಗ್ ಮಾಡಿ, ಹೋಗುತ್ತೆ. 1423 ಮಾಡಿ.